ಡೈ ಬಾಟ್ಲಿ ಬಿಸಿ ಮಾಡಿದ್ದಕ್ಕೇ ಮೈ ಬಿಸಿಯಾಯಿತಾ?

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ವಯಸ್ಸು 54. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಹೃದಯದ ಸಿಟಿ ಆಂಜಿಯೋ, ಅಂದರೆ ಹೃದಯದ ರಕ್ತನಾಳಗಳ ಸ್ಕ್ಯಾನ್, ಮಾಡಿಸಲು ಹೇಳಿದರು. ಅಲ್ಲಿ ಡೈ (ಚಿತ್ರದಲ್ಲಿ ನಾಳ ಕಾಣಲಿ ಅಂತ ರಕ್ತಕ್ಕೆ ಬಿಡುವ ಔಷಧಿ) ಬಾಟ್ಲಿಯನ್ನು ಒಂದು ಸಣ್ಣ ಬಿಸಿ ಪೆಟ್ಟಿಗೆಯಿಂದ ತೆಗೆದಿದ್ದನ್ನು ಕಣ್ಣಾರೆ ನೋಡಿದೆ. ಡೈ ಒಳಗೆ ಹೋದ ಕೂಡಲೇ ಗಂಟಲಿನಿಂದ ತೊಡೆಯವರೆಗೆ ಬಿಸಿ ಹರಿದಂತಾಯಿತು. ಮೂತ್ರ ಹೋಗಿಬಿಟ್ಟಿತೇನೋ ಎಂದು ನಾಚಿಕೆಯಾಯಿತು. ಇಷ್ಟು ಬಿಸಿ ಮಾಡಿ ಹಾಕಬೇಕಾ? ಮರುತಿಂಗಳು ನನ್ನ ಷಡ್ಡಕರು ಬೇರೆ ಸೆಂಟರ್‌ನಲ್ಲಿ ಇದೇ ಪರೀಕ್ಷೆ ಮಾಡಿಸಿದರು. ಅಲ್ಲಿ ಬಿಸಿ ಮಾಡಲೇ ಇಲ್ಲವಂತೆ. ಹಾಗಾದರೆ ಅವರ ರಿಪೋರ್ಟ್ ನಂಬಬಹುದಾ? ಈಗ ನನ್ನ ಅವ್ವನಿಗೂ ಇದೇ ಬರೆದುಕೊಟ್ಟಿದ್ದಾರೆ. ಆಕೆಗೆ 76 ವರ್ಷ, ಸಕ್ಕರೆ ಕಾಯಿಲೆ ಇದೆ. ಬಿಸಿ ಮಾಡಿ ಹಾಕಿ ಅನ್ನಲಾ, ಬೇಡ ಅನ್ನಲಾ?

ಉತ್ತರ: ನಿಮ್ಮ ಷಡ್ಡಕರನ್ನು ಒಂದು ಮಾತು ಕೇಳಿ ನೋಡಿ. "ನಿಮಗೂ ಮೈ ಬಿಸಿಯಾಯಿತಾ?" ಆಯಿತು ಅಂತಲೇ ಹೇಳುತ್ತಾರೆ. ಬಿಸಿ ಮಾಡದ ಡೈ ಹಾಕಿಸಿಕೊಂಡವರಿಗೂ ಗಂಟಲು, ಎದೆ, ಕಿಬ್ಬೊಟ್ಟೆಯಲ್ಲಿ ಅದೇ ಬಿಸಿ. ಮೂತ್ರ ಹೋದಂತೆ ಅನಿಸುವುದೂ ಅಷ್ಟೇ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹುಬ್ಬಳ್ಳಿ-ಧಾರವಾಡದ ಸಿಟಿ ರೂಮುಗಳಲ್ಲಿ ಕಳೆದವನು ನಾನು. ಟೇಬಲ್ಲಿನಿಂದ ಇಳಿದವರು ಮೆಲ್ಲಗೆ ಬಟ್ಟೆ ಮುಟ್ಟಿ ನೋಡಿಕೊಳ್ಳುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಬಟ್ಟೆ ಒಣಗಿಯೇ ಇರುತ್ತದೆ. "ಏನ್ ಸರ, ಒಳಗ ಬೆಂಕಿ ಹಚ್ಚಿದ್ರೇನು?" ಅಂತ ಒಬ್ಬರು ಜಗಳಕ್ಕೇ ಬಂದಿದ್ದರು. ಅವತ್ತು ನಮ್ಮ ವಾರ್ಮರ್, ಅಂದರೆ ಡೈ ಬಿಸಿ ಮಾಡುವ ಪೆಟ್ಟಿಗೆ, ಕೆಟ್ಟು ಮೂಲೆಯಲ್ಲಿ ಕೂತಿತ್ತು!

ಆ ಪೆಟ್ಟಿಗೆಯ ಒಳಗಿನ ಬಿಸಿ ಎಷ್ಟು ಗೊತ್ತಾ? 37 ಡಿಗ್ರಿ. ನಿಮ್ಮ ಮೈಯ ರಕ್ತವೂ 37 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಬೆಟಗೇರಿ ಬೀದಿಯಲ್ಲಿ ನಿಂತರೆ ಗಾಳಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. 37ರ ನೀರಿಗೆ 37ರ ನೀರು ಸೇರಿಸಿದರೆ ಬಿಸಿ ಏರುವುದಿಲ್ಲ. ಹೃದಯದ ಸಿಟಿಗೆ ಹಾಕುವ ಡೈ ಸಾಮಾನ್ಯವಾಗಿ 60ರಿಂದ 80 ಎಂಎಲ್. ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ಅರ್ಧ ಲೋಟದಷ್ಟೂ ಇಲ್ಲದ ಡೈ ಒಂದು ಕೊಡ ರಕ್ತವನ್ನು ಕಾಯಿಸಲಾರದು, ತಣ್ಣಗೂ ಮಾಡಲಾರದು.

ಮತ್ತೆ ಆ ಬಿಸಿ ಎಲ್ಲಿಂದ ಬಂತು? ಡೈಯಲ್ಲಿ ಕರಗಿರುವ ಪದಾರ್ಥ ಬಹಳ. ರಕ್ತದಲ್ಲಿ ಕರಗಿರುವ ಉಪ್ಪು-ಸಕ್ಕರೆ ಎಲ್ಲ ಸೇರಿ ಅಳೆದರೆ 290ರ ಆಸುಪಾಸು ಬರುತ್ತದೆ. ಇದನ್ನು ಆಸ್ಮೊಲಾಲಿಟಿ ಅನ್ನುತ್ತೇವೆ. ಈಗ ಹೃದಯಕ್ಕೆ ಬಳಸುವ ಹೆಚ್ಚಿನ ಡೈಗಳಲ್ಲಿ ಅದು 800ರ ಹತ್ತಿರ. ಇಷ್ಟು ಸಾಂದ್ರವಾದ ದ್ರವ ಒಮ್ಮೆಲೇ ನುಗ್ಗಿದಾಗ ರಕ್ತನಾಳಗಳು ಅಗಲವಾಗುತ್ತವೆ. ಚರ್ಮಕ್ಕೂ ಕಿಬ್ಬೊಟ್ಟೆಗೂ ರಕ್ತ ಜಾಸ್ತಿ ಹರಿಯುತ್ತದೆ. ನಿಮಗೆ ತಿಳಿದ ಬಿಸಿ ನಿಮ್ಮದೇ ರಕ್ತದ್ದು. ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ. ಆಮೇಲೆ ಇಳಿಯುತ್ತದೆ.

ಹಿಂದಿನವರು ಅನುಭವಿಸಿದ್ದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಹಳೆಯ ಡೈಗಳಲ್ಲಿ ಈ ಅಂಕಿ 1500ಕ್ಕೂ ಮೇಲಿರುತ್ತಿತ್ತು. ರಕ್ತನಾಳಕ್ಕೆ ಬಿಟ್ಟರೆ ಜನ ನೋವಿನಿಂದ ಕೂಗುತ್ತಿದ್ದರು. 1960ರ ದಶಕದಲ್ಲಿ ಸ್ವೀಡನ್ನಿನ ರೇಡಿಯಾಲಜಿಸ್ಟ್ ಟಾರ್ಸ್ಟನ್ ಆಲ್ಮೆನ್ ಅವರು ಈಜುವಾಗ ಒಂದು ಸಂಗತಿ ಗಮನಿಸಿದರು. ಉಪ್ಪು ಜಾಸ್ತಿ ಇರುವ ಸಮುದ್ರದಲ್ಲಿ ಕಣ್ಣು ಬಿಟ್ಟರೆ ಉರಿ, ಉಪ್ಪು ಕಡಿಮೆ ಇರುವ ನೀರಿನಲ್ಲಿ ಉರಿ ಇಲ್ಲ. ಡೈಯ ನೋವಿಗೂ ಇದೇ ಕಾರಣ ಇರಬೇಕು ಎಂದು ಅವರಿಗೆ ಹೊಳೆಯಿತು. ದೊಡ್ಡ ಕಂಪನಿಗಳು ಕಿವಿಗೊಡಲಿಲ್ಲ. ಕೊನೆಗೆ ನಾರ್ವೆಯ ಒಂದು ಕಂಪನಿ ಒಪ್ಪಿತು. ಆ ದಾರಿಯಲ್ಲೇ 1982ರಲ್ಲಿ ಅಯೊಹೆಕ್ಸಾಲ್ ಎಂಬ ಡೈ ಮಾರುಕಟ್ಟೆಗೆ ಬಂತು. ಇವತ್ತಿಗೂ ನಮ್ಮ ಸಿಟಿ ರೂಮುಗಳಲ್ಲಿ ಆ ಹೆಸರಿನ ಬಾಟ್ಲಿ ಸಿಗುತ್ತದೆ.

ಸರಿ, ಮೈ ಬಿಸಿಯಾಗುವುದಕ್ಕೂ ವಾರ್ಮರಿಗೂ ಸಂಬಂಧ ಇಲ್ಲ ಅಂದಮೇಲೆ ಆ ಪೆಟ್ಟಿಗೆ ಯಾಕೆ?

ಕಾಕಂಬಿಯನ್ನು ನೆನಪಿಸಿಕೊಳ್ಳಿ. ಡಿಸೆಂಬರ್ ಮುಂಜಾನೆ ಡಬ್ಬಿ ಬಗ್ಗಿಸಿದರೆ ಅದು ಇಳಿಯಲು ಮನಸ್ಸೇ ಮಾಡುವುದಿಲ್ಲ. ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಸರಸರ ಇಳಿಯುತ್ತದೆ. ಡೈಯದೂ ಇದೇ ಕಥೆ. ನೋಡಲು ನೀರಿನಂತೆ ತಿಳಿ, ಆದರೆ ಗುಣ ಪಾಕದ್ದು. ಅಯೊಹೆಕ್ಸಾಲ್ 350 ಎಂಬ ಡೈ 20 ಡಿಗ್ರಿಯಲ್ಲಿ ನೀರಿಗಿಂತ ಸುಮಾರು 20 ಪಟ್ಟು ಮಂದ. ಅಳತೆಯಲ್ಲಿ ಹೇಳುವುದಾದರೆ 20.4 ಸೆಂಟಿಪಾಯ್ಸ್. ಅದನ್ನೇ 37 ಡಿಗ್ರಿಗೆ ತಂದರೆ 10.4. ಹೆಚ್ಚುಕಡಿಮೆ ಅರ್ಧ! ಅಯೊಪಮಿಡಾಲ್ 370 ಎಂಬುದು 20.9ರಿಂದ 9.4ಕ್ಕೆ ಇಳಿಯುತ್ತದೆ. ಹೆಸರಿನ ಮುಂದಿನ 350, 370 ಅಂದರೆ ಒಂದು ಎಂಎಲ್‌ನಲ್ಲಿ ಅಷ್ಟು ಮಿಲಿಗ್ರಾಂ ಅಯೋಡಿನ್ ಇದೆ ಅಂತ. ಚಿತ್ರದಲ್ಲಿ ರಕ್ತನಾಳ ಬೆಳ್ಳಗೆ ಕಾಣುವುದು ಈ ಅಯೋಡಿನ್‌ನಿಂದಲೇ.

ಇಲ್ಲೊಂದು ತಮಾಷೆ ಇದೆ. ಅಯೊಡಿಕ್ಸನಾಲ್ ಅಂತ ಒಂದು ಡೈ ಇದೆ. ಅದರ ಆಸ್ಮೊಲಾಲಿಟಿ ರಕ್ತದಷ್ಟೇ, 290. ಹಾಗಾಗಿ ಅದು ಹೋದಾಗ ಮೈ ಬಿಸಿ ತುಂಬ ಕಡಿಮೆ. ಆದರೆ 320ರ ಅದೇ ಡೈ 20 ಡಿಗ್ರಿಯಲ್ಲಿ 26ಕ್ಕೂ ಮೇಲಿನ ಸೆಂಟಿಪಾಯ್ಸ್, ಮೇಲೆ ಹೇಳಿದ ಎರಡಕ್ಕಿಂತಲೂ ಮಂದ. ಅಂದರೆ ರೋಗಿಗೆ ಅತಿ ಕಡಿಮೆ ಬಿಸಿ ಅನಿಸುವ ಡೈಯನ್ನೇ ನಾವು ಮುಖ್ಯವಾಗಿ ಬಿಸಿ ಮಾಡಬೇಕು. ನಿಮ್ಮ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಬೇರೆ ಸಿಟಿಗಳಿಗೆ ಮಂದ-ತೆಳು ಅಷ್ಟು ದೊಡ್ಡ ವಿಷಯವಲ್ಲ. ಹೊಟ್ಟೆಯ ಸಿಟಿಗೆ ಸೆಕೆಂಡಿಗೆ 2-3 ಎಂಎಲ್ ಹೋದರೂ ನಡೆಯುತ್ತದೆ. ಹೃದಯಕ್ಕೆ ಬಂದಾಗ ಮಾತ್ರ ಅವಸರ. ಎರಡು-ಮೂರು ಮಿಲಿಮೀಟರ್ ಅಗಲದ, ಕ್ಷಣವೂ ನಿಲ್ಲದೆ ಕುಣಿಯುವ ನಾಳಗಳ ಚಿತ್ರ ತೆಗೆಯಬೇಕು. ಡೈ ಒಂದೇ ಉಂಡೆಯಾಗಿ ಅಲ್ಲಿಗೆ ತಲುಪಬೇಕು, ಹಿಂದೆ ಮುಂದೆ ಹರಡಬಾರದು. ಅದಕ್ಕೇ ಸೆಕೆಂಡಿಗೆ 4ರಿಂದ 6 ಎಂಎಲ್ ವೇಗ. 5 ಎಂಎಲ್ ಅಂದರೆ ಒಂದು ಚಹಾ ಚಮಚ. ಸೆಕೆಂಡಿಗೊಂದು ಚಮಚದಂತೆ, ಸೂಜಿಯಷ್ಟು ಸಣ್ಣ ನಳಿಗೆಯಲ್ಲಿ ಕಾಕಂಬಿ ತಳ್ಳಿದ ಹಾಗೆ. ಕೈಯಿಂದ ಆಗದ ಕೆಲಸ, ಅದಕ್ಕೇ ಇಂಜೆಕ್ಟರ್ ಮಷೀನು. ಅದು ತಳ್ಳುವ ಒತ್ತಡಕ್ಕೆ ನಾವು ಸಾಮಾನ್ಯವಾಗಿ 300-325 ಪಿಎಸ್‌ಐ ಮಿತಿ ಹಾಕಿರುತ್ತೇವೆ. ನಿಮ್ಮ ಬೈಕಿನ ಟೈರಿಗೆ 30ರ ಆಸುಪಾಸು ಗಾಳಿ ತುಂಬಿಸುತ್ತೀರಲ್ಲ, ಅದರ ಹತ್ತು ಪಟ್ಟು!

ಒತ್ತಡ ಆ ಮಿತಿಗೆ ಬಂದರೆ ಮಷೀನು ತಾನೇ ವೇಗ ಇಳಿಸುತ್ತದೆ, ಇಲ್ಲವೇ ನಿಂತುಬಿಡುತ್ತದೆ. ನಾವು 5 ಕೇಳಿದ್ದರೆ 4 ಹೋಗುತ್ತದೆ. ಆಗ ನಾಳದಲ್ಲಿ ಡೈ ಮಸುಕು. ಇನ್ನೊಂದು ಎಡವಟ್ಟೂ ಆಗುತ್ತದೆ. ಸ್ಕ್ಯಾನ್ ಶುರು ಮಾಡುವ ಮುಂಚೆ ಮಹಾಧಮನಿಯ ಮೇಲೆ ಪರದೆಯಲ್ಲಿ ಒಂದು ಪುಟ್ಟ ವೃತ್ತ ಇಟ್ಟು ಕಾಯುತ್ತೇವೆ. ಅಲ್ಲಿ ಬೆಳಕು ಇಷ್ಟು ಏರಿತು ಅಂದ ಕೂಡಲೇ "ಉಸಿರು ಹಿಡೀರಿ" ಅನ್ನುವ ದನಿ ಬರುತ್ತದೆ. ಡೈ ತಡವಾಗಿ, ತೆಳುವಾಗಿ ಬಂದರೆ ಆ ಲೆಕ್ಕ ಎಲ್ಲ ತಪ್ಪುತ್ತದೆ. ಮಂದತೆ ಅರ್ಧವಾದರೆ, ಅದೇ ವೇಗಕ್ಕೆ ಬೇಕಾದ ಒತ್ತಡವೂ ಅರ್ಧದ ಹತ್ತಿರ ಇಳಿಯುತ್ತದೆ. ವಾರ್ಮರಿನ ಕೆಲಸ ಇಷ್ಟೇ. ರೋಗಿಯ ಸುಖಕ್ಕೆ ಅಲ್ಲ, ಮಷೀನು ಸರಾಗವಾಗಿ ತಳ್ಳಲಿ ಅಂತ.

ಸೆಂಟಿಪಾಯ್ಸ್ ಎಂಬ ಹೆಸರು ಬಂದಿದ್ದು ಪ್ವಾಸೆಯ್ ಎಂಬ ಫ್ರೆಂಚ್ ಡಾಕ್ಟರಿಂದ. 19ನೇ ಶತಮಾನದಲ್ಲಿ ರಕ್ತ ಸಣ್ಣ ನಾಳದಲ್ಲಿ ಹೇಗೆ ಹರಿಯುತ್ತದೆ ಎಂದು ತಿಳಿಯಲು ಗಾಜಿನ ನಳಿಗೆಗಳಲ್ಲಿ ಪ್ರಯೋಗ ಮಾಡಿದವರು. ಅವರು ಕಂಡುಕೊಂಡ ಇನ್ನೊಂದು ಮಾತು ನಿಮ್ಮ ಅವ್ವನಿಗೆ ಹೆಚ್ಚು ಬೇಕಾದದ್ದು. ದ್ರವದ ಮಂದತೆ ಎರಡು ಪಟ್ಟಾದರೆ ತಡೆ ಎರಡು ಪಟ್ಟಾಗುತ್ತದೆ. ಆದರೆ ನಳಿಗೆಯ ಒಳ ಅಗಲ ಅರ್ಧವಾದರೆ ತಡೆ 16 ಪಟ್ಟು! ಬಿಸಿ ಮಾಡುವುದರಿಂದ ಸಿಗುವ ಲಾಭವನ್ನು ಒಂದು ಸಣ್ಣ ಸೂಜಿ ನುಂಗಿ ನೀರು ಕುಡಿಯುತ್ತದೆ.

ಕೈಗೆ ಹಾಕುವ ಸೂಜಿಗೆ ಬಣ್ಣ ಇರುತ್ತದೆ, ನೋಡಿರಬಹುದು. ಹಸಿರು ಅಂದರೆ 18 ಗೇಜ್, ಗುಲಾಬಿ 20, ನೀಲಿ 22, ಹಳದಿ 24. ಅಂಕಿ ಏರಿದಷ್ಟೂ ಸೂಜಿ ಸಣ್ಣದು. ಹೃದಯದ ಸಿಟಿಗೆ ಹಸಿರು ಇಲ್ಲವೇ ಗುಲಾಬಿ, ಅದೂ ಮೊಣಕೈ ಮಡಿಕೆಯ ನಾಳಕ್ಕೆ, ಸಾಧ್ಯವಾದರೆ ಬಲಗೈಗೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಒಬ್ಬರು ಅಜ್ಜಿಯಿಂದ ಕಲಿತೆ. ಬಹಳ ವರ್ಷಗಳ ಹಿಂದಿನ ಮಾತು. ಅಣ್ಣಿಗೇರಿ ಕಡೆಯವರು. ಕೈಯ ನಾಳ ಕಾಣಿಸುತ್ತಲೇ ಇರಲಿಲ್ಲ. ಎರಡು ಸಲ ಚುಚ್ಚಿ ಸೋತಿದ್ದೆವು. ಹೊರಗೆ ಸಾಲು ಉದ್ದವಿತ್ತು, ನನಗೆ ಅವಸರ. ಮುಂಗೈ ಮೇಲೆ ನೀಲಿ ಸೂಜಿ ಸಿಕ್ಕಿತು. "ಡೈ ಚೆನ್ನಾಗಿ ಬಿಸಿ ಇದೆ, ಹೋಗುತ್ತೆ ಬಿಡು" ಅಂದುಕೊಂಡೆ. ವೇಗವನ್ನೂ ಇಳಿಸಲಿಲ್ಲ. ಅರ್ಧ ಡೈ ಹೋಗುವಷ್ಟರಲ್ಲಿ ಅಜ್ಜಿ "ಯಪ್ಪಾ, ಕೈ ಬಿರೀತೈತಿ" ಅಂದರು. ಓಡಿ ಹೋಗಿ ನಿಲ್ಲಿಸಿದೆ. ಮುಂಗೈ ಲಿಂಬೆಹಣ್ಣಿನಷ್ಟು ಊದಿತ್ತು. ಡೈ ನಾಳದಿಂದ ಹೊರಗೆ, ಚರ್ಮದ ಕೆಳಗೆ ಸೇರಿತ್ತು. ಕೈ ಎತ್ತಿ ಹಿಡಿದು, ಐಸ್ ಪ್ಯಾಕ್ ಇಟ್ಟು, ಎರಡು ಮೂರು ತಾಸು ಕೂರಿಸಿಕೊಂಡು ನೋಡಿದೆವು. ಪುಣ್ಯಕ್ಕೆ ಮರುದಿನಕ್ಕೆ ಇಳಿಯಿತು. ಡೈ 37 ಡಿಗ್ರಿಯೇ ಇತ್ತು. ತಪ್ಪಿದ್ದು ಸೂಜಿ ಮತ್ತು ನಾನು.

ಹಾಗಂತ ಬಿಸಿ ಮಾಡುವುದು ದಂಡ ಅಂತಲ್ಲ. 2012ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸುಮಾರು 25 ಸಾವಿರ ಸಿಟಿ ಇಂಜೆಕ್ಷನ್‌ಗಳ ಲೆಕ್ಕ ಪ್ರಕಟಿಸಿದರು. ತೆಳ್ಳಗಿನ 300ರ ಡೈಗೆ ಬಿಸಿ ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ. ಮಂದವಾದ 370ರ ಡೈಗೆ ಮಾತ್ರ ಬಿಸಿ ಮಾಡಿದಾಗ ಹೀಗೆ ನಾಳದಿಂದ ಹೊರಗೆ ಸೋರುವುದು ಕಡಿಮೆಯಾಗಿತ್ತು. ಬಿಸಿ ಮಾಡದಿದ್ದಾಗಲೂ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆಯೇ ಇತ್ತು, ಅದು ಬೇರೆ ಮಾತು. ಅಮೆರಿಕದ ರೇಡಿಯಾಲಜಿ ಕಾಲೇಜಿನ ಕೈಪಿಡಿಯೂ ಎಲ್ಲರಿಗೂ ಬಿಸಿ ಮಾಡಿ ಅನ್ನುವುದಿಲ್ಲ. ಸೆಕೆಂಡಿಗೆ 5 ಎಂಎಲ್‌ಗಿಂತ ಜಾಸ್ತಿ ವೇಗ, ಮಂದ ಡೈ, ಸಮಯದ ಲೆಕ್ಕ ಬಿಗಿ ಇರುವ ಸ್ಕ್ಯಾನ್, ಇಂಥ ಕಡೆ ಉಪಯೋಗವಾಗಬಹುದು ಅನ್ನುತ್ತದೆ. ಹೃದಯದ ಸಿಟಿ ಹೆಚ್ಚುಕಡಿಮೆ ಈ ಮೂರಕ್ಕೂ ಹೊಂದುತ್ತದೆ, ಅಲ್ವಾ? ಅದಕ್ಕೇ ನಾನು ಇದ್ದ ಕಡೆ ಬಿಸಿ ಮಾಡಿಯೇ ಹಾಕುತ್ತೇನೆ. ಅಲರ್ಜಿ ಆಗದಿರಲಿ ಅಂತ ಬಿಸಿ ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲರ್ಜಿಯ ದಾರಿಯೇ ಬೇರೆ.

ಈಗ ನಿಮ್ಮ ಷಡ್ಡಕರ ರಿಪೋರ್ಟು. ಡೈ ಬಿಸಿ ಮಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ. ಅಲ್ಲಿ ದೊಡ್ಡ ಸೂಜಿ ಹಾಕಿರಬಹುದು, ತೆಳು ಡೈ ಬಳಸಿರಬಹುದು. ಹೊಸ ಮಷೀನುಗಳಲ್ಲಿ ಎಕ್ಸ್‌ರೇಯ ಶಕ್ತಿಯನ್ನು 100 ಕೆವಿ (ಕಿಲೋವೋಲ್ಟ್), ತೆಳ್ಳಗಿನ ಮೈಯವರಿಗೆ 80 ಕೆವಿಗೂ ಇಳಿಸುತ್ತಾರೆ. ಆಗ ಅದೇ ಅಯೋಡಿನ್ ಇನ್ನೂ ಬೆಳ್ಳಗೆ ಕಾಣುತ್ತದೆ, ಡೈ ಕಡಿಮೆ ಸಾಕು, ವೇಗವೂ ಕಡಿಮೆ ಸಾಕು. ಚಿತ್ರ ಚೆನ್ನಾಗಿ ಬಂದಿದೆಯೋ ಇಲ್ಲವೋ ಚಿತ್ರದಲ್ಲೇ ಗೊತ್ತಾಗುತ್ತದೆ. ನಾಳ ಮಸುಕಾಗಿದ್ದರೆ, ಅಲುಗಾಡಿದ್ದರೆ ಓದುವ ಡಾಕ್ಟರು ಸಾಮಾನ್ಯವಾಗಿ ರಿಪೋರ್ಟಿನಲ್ಲೇ ಬರೆಯುತ್ತಾರೆ. ಅಂಥ ಸಾಲು ಇದೆಯಾ ನೋಡಿ. ಹಾಳಾದ ಹೃದಯದ ಸಿಟಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹೆಚ್ಚಿನವು ಹಾಳಾಗಿದ್ದು ನಾಡಿ ಜೋರಾಗಿದ್ದಕ್ಕೆ, ಇಲ್ಲವೇ ಉಸಿರು ಹಿಡಿಯದೇ ಇದ್ದದ್ದಕ್ಕೆ. ತಣ್ಣನೆ ಡೈಯಿಂದ ಹಾಳಾದದ್ದು ಅಂತ ಖಚಿತವಾಗಿ ಹೇಳಬಲ್ಲ ಒಂದೂ ನೆನಪಿಗೆ ಬರುತ್ತಿಲ್ಲ.

ಇನ್ನು ನಮ್ಮ ಊರುಗಳಲ್ಲಿ "ಬಿಸಿ ಮಾಡಿಲ್ಲ" ಅಂದರೆ ಎಷ್ಟು ತಣ್ಣಗೆ ಎಂಬುದೇ ಬೇರೆ ಪ್ರಶ್ನೆ. ಧಾರವಾಡದ ಜನವರಿ ಮುಂಜಾನೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಆ ಹೊತ್ತಿಗೆ ಸ್ಟೋರ್ ರೂಮಿನಿಂದ ನೇರವಾಗಿ ತಂದ ಡೈ ಪುಸ್ತಕದ 20 ಡಿಗ್ರಿಗಿಂತಲೂ ಮಂದ. ಅದನ್ನು ಹಾಗೇ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ಉಲ್ಟಾ. ಕರೆಂಟು ಹೋಗಿ ಸ್ಟೋರ್ ರೂಮು 36-37ಕ್ಕೆ ಏರಿದರೆ ಪುಕ್ಕಟೆ ವಾರ್ಮರ್ ಸಿಕ್ಕಿತು ಅಂತ ಖುಷಿಪಡುವ ಹಾಗಿಲ್ಲ. ಡೈ ಬಾಟ್ಲಿಯ ಮೇಲೆ ಎಷ್ಟು ಡಿಗ್ರಿ ದಾಟಬಾರದು ಎಂದು ಬರೆದಿರುತ್ತದೆ, 25 ಅಥವಾ 30. ವಾರ್ಮರಿನಲ್ಲಿ 37ಕ್ಕೆ ಇಡಲೂ ಗಡುವು ಇದೆ. ಅಯೊಹೆಕ್ಸಾಲ್‌ಗೆ ಅದು ಒಂದು ತಿಂಗಳು. ಬೇರೆ ಡೈಗಳಿಗೆ ಅವುಗಳ ಚೀಟಿಯಲ್ಲಿ ಇದ್ದಂತೆ. ಬೆಳಕಿಗೂ ಬಿಡಬಾರದು. ಒಳ್ಳೆಯ ಸೆಂಟರಿನಲ್ಲಿ ಪೆಟ್ಟಿಗೆಗೆ ಹಾಕಿದ ತಾರೀಖನ್ನು ಬಾಟ್ಲಿಯ ಮೇಲೆ ಬರೆಯುತ್ತಾರೆ, ದಿನಾ ಡಿಗ್ರಿ ನೋಡಿ ಪುಸ್ತಕದಲ್ಲಿ ಗೀಚುತ್ತಾರೆ. ಈ ಲೆಕ್ಕ ಇಡುವ ತಲೆನೋವು ಬೇಡ ಅಂತಲೇ ವಾರ್ಮರ್ ಕೈಬಿಟ್ಟ ಕಡೆಗಳೂ ಇವೆ. ಅವರನ್ನು ನಾನು ಬೈಯುವುದಿಲ್ಲ. ಲೆಕ್ಕವಿಲ್ಲದ ಬಿಸಿಗಿಂತ ಲೆಕ್ಕವಿರುವ ತಣ್ಣಗಿನದೇ ವಾಸಿ.

ನಾನೇ ಹೊಸದರಲ್ಲಿ ಒಂದು ಸಲ ಚಹಾ ಮಾಡುವ ಹುಡುಗನ ಹತ್ತಿರ ಬಿಸಿನೀರು ತರಿಸಿ ಮಗ್ಗಿನಲ್ಲಿ ಬಾಟ್ಲಿ ಮುಳುಗಿಸಿದ್ದೆ. ಲೇಬಲ್ ನೆಂದು ಕಳಚಿ ಬಂತು. ಬ್ಯಾಚ್ ನಂಬರ್ ಇಲ್ಲ, ತಾರೀಖು ಇಲ್ಲ. ಒಳಗಿನ ದ್ರವ 37ರಲ್ಲಿದೆಯೋ 50ರಲ್ಲಿದೆಯೋ ದೇವರೇ ಬಲ್ಲ. ನಮ್ಮ ಹಿರಿಯರು ಏನೂ ಮಾತಾಡದೆ ಬಾಟ್ಲಿ ತೆಗೆದು ಕಸದ ಬುಟ್ಟಿಗೆ ಹಾಕಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಬಿಸಿನೀರು, ಮೈಕ್ರೋವೇವ್, ಯುಪಿಎಸ್ ಮೇಲೆ ಇಡುವುದು, ಇವೆಲ್ಲ ಬೇಡವೇ ಬೇಡ. ಇನ್ನೊಂದು ವಿಷಯ. ಪೆಟ್ಟಿಗೆಯಿಂದ ತೆಗೆದು ಇಂಜೆಕ್ಟರಿಗೆ ತುಂಬಿದ ಮೇಲೆ ಡೈ ಆರುತ್ತಲೇ ಹೋಗುತ್ತದೆ. ನಾಳ ಹುಡುಕಲು ಕಾಲು ಗಂಟೆ ಹಿಡಿದರೆ ಮಾಡಿದ ಬಿಸಿಯ ಒಂದು ಪಾಲು ಗಾಳಿಗೆ ಹೋಯಿತು. ಮೊದಲು ಸೂಜಿ, ಆಮೇಲೆ ಡೈ ಎಂಬ ಕ್ರಮ ಇದಕ್ಕೇ.

ನಿಮ್ಮ ಅವ್ವನ ವಿಷಯಕ್ಕೆ ಬರೋಣ. "ಡೈ ಬಿಸಿ ಮಾಡ್ತೀರಾ?" ಅಂತ ಧಾರಾಳವಾಗಿ ಕೇಳಿ, ತಪ್ಪೇನಿಲ್ಲ. ಇಲ್ಲ ಅಂದರೆ ಎದ್ದು ಬರಬೇಡಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. 76 ವರ್ಷ, ಸಕ್ಕರೆ ಕಾಯಿಲೆ, ಹಾಗಾಗಿ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಆಗಿರಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ನಿಲ್ಲಿಸಬೇಕೋ ಬೇಡವೋ ಅದನ್ನು ಕಿಡ್ನಿಯ ಅಂಕಿ ನೋಡಿ ಡಾಕ್ಟರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಹಿಂದೆ ಯಾವಾಗಲಾದರೂ ಡೈ ಹಾಕಿದಾಗ ಮೈ ತುರಿಸಿದ್ದು, ಉಸಿರು ಕಟ್ಟಿದ್ದು ಇದ್ದರೆ ಅದನ್ನು ಬುಕ್ ಮಾಡುವಾಗಲೇ ಹೇಳಬೇಕು, ಟೇಬಲ್ ಮೇಲೆ ಮಲಗಿದ ಮೇಲಲ್ಲ. ದಮ್ಮು ಇದ್ದರೂ ಹೇಳಿ.

ಆ ದಿನ ಚಹಾ, ಕಾಫಿ ಬೇಡ. ಹಿಂದಿನ ರಾತ್ರಿಯಿಂದಲೇ ಬಿಟ್ಟರೆ ಒಳ್ಳೆಯದು. ನಮ್ಮ ಕಡೆಯ ಹಿರಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟ, ಗೊತ್ತು. ಚಹಾದಿಂದ ನಾಡಿ ಏರುತ್ತದೆ. ನಮಗೆ ನಿಮಿಷಕ್ಕೆ 65ರ ಕೆಳಗೆ ಬೇಕು, 60 ಆದರೆ ಇನ್ನೂ ಚೆನ್ನ. ಅದಕ್ಕೆ ಮೆಟೊಪ್ರೊಲಾಲ್ ಎಂಬ ಮಾತ್ರೆ ಕೊಟ್ಟು ಒಂದು ತಾಸು ಕೂರಿಸುತ್ತಾರೆ. ದಮ್ಮು ಇದ್ದವರಿಗೆ ಈ ಮಾತ್ರೆ ಯೋಚಿಸಿ ಕೊಡಬೇಕು, ಅದಕ್ಕೇ ಮೊದಲೇ ಹೇಳಿ ಅಂದೆ. ನಾಲಿಗೆ ಕೆಳಗೆ ನೈಟ್ರೊಗ್ಲಿಸರಿನ್ ಹಾಕುತ್ತಾರೆ, ಹೃದಯದ ನಾಳ ಸ್ವಲ್ಪ ಅಗಲವಾಗಿ ಕಾಣಲಿ ಅಂತ. ಸ್ವಲ್ಪ ತಲೆ ನೋಯುತ್ತದೆ, ಹೆದರಬೇಡಿ. ಗದಗದಿಂದ ಬೆಳಗಿನ ಬಸ್ಸಿಗೆ ಓಡಿ ಬಂದು, ಹುಬ್ಬಳ್ಳಿಯ ಹೊಸೂರು ಬಸ್ ಸ್ಟ್ಯಾಂಡಿನಿಂದ ಗಡಿಬಿಡಿಯಲ್ಲಿ ನೇರ ಟೇಬಲ್ಲಿಗೆ ಮಲಗಿಸಿದರೆ ನಾಡಿ 90ರಲ್ಲೇ ಇರುತ್ತದೆ. ಒಂದು ತಾಸು ಮುಂಚೆ ಬನ್ನಿ.

ಉಸಿರು ಹಿಡಿಯುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಅರ್ಧ ಉಸಿರು ಎಳೆದು ಹತ್ತು ಎಣಿಸುವವರೆಗೆ ಅಲುಗಾಡದೆ ಇರಬೇಕು, ಅಷ್ಟೇ. ಕಿವಿ ಮಂದ ಇದ್ದರೆ ಟೆಕ್ನಿಷಿಯನ್‌ಗೆ ತಿಳಿಸಿ. ಮಷೀನಿನ ದನಿ ಎಷ್ಟೋ ಕಡೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. "ಅವ್ವಾ, ಉಸಿರು ಹಿಡಿ" ಅಂತ ಯಾರಾದರೂ ಮೈಕಿನಲ್ಲಿ ಹೇಳಿದರೆ ಆಕೆಗೆ ತಿಳಿಯುತ್ತದೆ.

ಮೈ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನಿಸುತ್ತದೆ, ಆದರೆ ಹೋಗಿರುವುದಿಲ್ಲ ಎಂಬುದನ್ನು ಆಕೆಗೆ ಮುಂಚೆಯೇ ಹೇಳಿಡಿ. ನಿಮಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಹೇಳಬೇಕಾದದ್ದು ನಮ್ಮಂಥವರ ಕೆಲಸ. ಗಾಬರಿಯಾದರೆ ಸರಿಯಾಗಿ ಸ್ಕ್ಯಾನ್ ಆಗುವ ಹೊತ್ತಿಗೇ ನಾಡಿ ಹಾರುತ್ತದೆ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಮೈಯೆಲ್ಲ ಬಿಸಿ ಅಂದರೆ ಸಹಜ. ಸೂಜಿ ಹಾಕಿದ ಜಾಗದಲ್ಲೇ ಉರಿ, ಬಿಗಿತ, ನೋವು ಅಂದರೆ ಡೈ ಹೊರಗೆ ಸೋರುತ್ತಿರಬಹುದು. ಆಗ ಸುಮ್ನೆ ತಡೆದುಕೊಂಡು ಮಲಗಬಾರದು, ಕೂಗಿ ಹೇಳಬೇಕು. ನಮ್ಮ ಅವ್ವಂದಿರು ಹೇಳುವುದೇ ಇಲ್ಲ, "ಡಾಕ್ಟ್ರು ಬೇಸರ ಮಾಡ್ಕೋತಾರ" ಅಂತ. ಕೂಗಲು ನೀವೇ ಅಪ್ಪಣೆ ಕೊಟ್ಟು ಕಳಿಸಿ.

ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ. ಡಾಕ್ಟರು ನೀರು ಕಡಿಮೆ ಕುಡಿಯಿರಿ ಎಂದು ಹೇಳಿಲ್ಲದಿದ್ದರೆ ನೀರು ಚೆನ್ನಾಗಿ ಕುಡಿಸಿ. ಚಹಾ ಈಗ ಕೊಡಿಸಬಹುದು. ಮತ್ತೆ, ಒಂದು ಶಾಲು ಇಟ್ಟುಕೊಳ್ಳಿ. ಮಷೀನಿಗೋಸ್ಕರ ಆ ರೂಮಿನ ಎಸಿ ಯಾವಾಗಲೂ 20-22ರಲ್ಲೇ ಓಡುತ್ತಿರುತ್ತದೆ. ಡೈಗೆ ಪೆಟ್ಟಿಗೆ ಇದೆ, ಅವ್ವನಿಗೆ ನಾವು ಏನೂ ಇಟ್ಟಿರುವುದಿಲ್ಲ.